ಟ್ಯಾಂಕಿನ ಕಲ್ಲನ್ನು ಒಲೆ ಮೇಲೆ ಇಡಬೇಡಿ

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಉಪ್ಪುನೀರಿನ ಅಕ್ವೇರಿಯಂನಿಂದ ತೆಗೆದ ಕಲ್ಲನ್ನು ಯಾವ ಕಾರಣಕ್ಕೂ ಕುದಿಸಬೇಡಿ. ಅದರ ಮೇಲೆ ಬೆಳೆಯುವ ಕೆಲವು ಹವಳಗಳಲ್ಲಿ ಪಾಲಿಟಾಕ್ಸಿನ್ ಅನ್ನೋ ಭಯಂಕರ ವಿಷ ಇರುತ್ತದೆ. ಅದರ ಮೇಲೆ ಬಿಸಿನೀರು ಸುರಿಯಬೇಡಿ. ಹೊರಗೆ ತೆಗೆದು ಬ್ರಶ್ ಹಾಕಿ ಉಜ್ಜಬೇಡಿ. ನಾನು ಉಜ್ಜಿದ್ದೂ ಆಯಿತು, ಕುದಿಸಿದ್ದೂ ಆಯಿತು. ಅದೇ ರಾತ್ರಿ ನಾನೂ ನನ್ನ ಹೆಂಡತಿಯೂ ಆಸ್ಪತ್ರೆಯಲ್ಲಿದ್ದೆವು.

ನನ್ನದು 40 ಲೀಟರಿನ ಪುಟ್ಟ ಟ್ಯಾಂಕ್. ಎರಡು ಕ್ಲೌನ್‌ಫಿಶ್, ಒಂದು ಸೀಗಡಿ, ನಾಲ್ಕೈದು ಮೆತ್ತನೆಯ ಹವಳ. ಸಣ್ಣ ಟ್ಯಾಂಕ್ ಸುಲಭ ಅಂತ ಹೊಸಬರು ಅಂದುಕೊಳ್ಳುತ್ತಾರೆ. ಇರುವುದು ಉಲ್ಟಾ. ನೀರು ಕಡಿಮೆ ಇದ್ದಷ್ಟೂ ತಪ್ಪಿನ ಏಟು ಬೇಗ ಬೀಳುತ್ತದೆ. ಎರಡು ದಿನ ನೀರು ತುಂಬಿಸದೆ ಬಿಟ್ಟರೆ ಸಾಕು, 1.025 ಇರಬೇಕಾದ ನೀರಿನ ಸಾಪೇಕ್ಷ ಸಾಂದ್ರತೆ ಮೇಲೇರುತ್ತದೆ. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಕೂತಿರುತ್ತದೆ ಅಲ್ವಾ? ಹಾಗಾಗಿ ಮತ್ತೆ ತುಂಬಿಸಬೇಕಾದದ್ದು ಸಿಹಿನೀರು, ಉಪ್ಪುನೀರಲ್ಲ. ಇಂಥದ್ದನ್ನೆಲ್ಲ ಕಲಿತು ಒಂದೂವರೆ ವರ್ಷ ಚೆನ್ನಾಗಿಯೇ ನಡೆಸಿಕೊಂಡು ಬಂದಿದ್ದೆ. ಎಲ್ಲ ಗೊತ್ತಿದೆ ಅನ್ನೋ ಧಿಮಾಕು ಬರಲು ಅಷ್ಟು ಸಮಯ ಸಾಕು.

ತೊಂದರೆ ಶುರುವಾಗಿದ್ದು ಒಂದು ಕಲ್ಲಿನ ಜೊತೆ ಪುಕ್ಕಟೆಯಾಗಿ ಬಂದ ಐದಾರು ಪಾಲಿಪ್‌ಗಳಿಂದ, ಅಂದರೆ ಹವಳದ ಜಾತಿಯ ಪುಟ್ಟ ಜೀವಿಗಳಿಂದ. ಅಂಗಿಯ ಗುಂಡಿಯಷ್ಟು ಅಗಲ, ಮಂಕು ಕಂದು ಬಣ್ಣ, ಅಂಚಿನ ಸುತ್ತ ಕಣ್ಣಿನ ರೆಪ್ಪೆಯಂಥ ಗಿಡ್ಡ ಎಳೆಗಳು. ನೆರಳು ಬಿದ್ದರೂ ಮುದುಡಿಕೊಳ್ಳುತ್ತವೆ. ಮುಟ್ಟಿದರೆ ಬೆರಳಿಗೆ ಮರಳು ಮರಳಾಗಿ ಸಿಗುತ್ತದೆ, ಯಾಕೆಂದರೆ ಅವು ಮರಳಿನ ಕಣಗಳನ್ನು ತಮ್ಮ ಮೈಯೊಳಗೇ ಸೇರಿಸಿಕೊಂಡು ಬೆಳೆಯುತ್ತವೆ. ಇದರ ಹೆಸರು ಪಾಲಿಥೋವಾ. ಝೋವಾ ಅಂತ ನಾವೆಲ್ಲ ಇಷ್ಟಪಟ್ಟು ಸಾಕುವ ಬಣ್ಣಬಣ್ಣದ ಹವಳಗಳ ದಾಯಾದಿ. ಸುಮ್ನೆ ಇರಲಿ ಅಂತ ಬಿಟ್ಟೆ. ಆರು ತಿಂಗಳಲ್ಲಿ ಅರ್ಧ ಕಲ್ಲು ಅವುಗಳದ್ದೇ ಆಯಿತು. ಪಕ್ಕದ ಮಶ್ರೂಮ್ ಹವಳದ ಮೇಲೂ ಹತ್ತತೊಡಗಿದವು.

ಒಂದು ಭಾನುವಾರ ಸಂಜೆ ಕಲ್ಲನ್ನೇ ಹೊರಗೆ ತೆಗೆದೆ. ಎರಡು ಮುಷ್ಟಿ ಗಾತ್ರದ್ದು. ಸಿಂಕಿನಲ್ಲಿಟ್ಟು ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿದೆ. ಕೈಗವಸು ಇಲ್ಲ, ಕನ್ನಡಕ ಇಲ್ಲ. ಪಾಲಿಪ್‌ಗಳು ಕಿತ್ತು ಬಂದವು, ಲೋಳೆ ಬಂತು, ಮುಖಕ್ಕೆ ನಾಲ್ಕು ಹನಿ ಸಿಡಿಯಿತು. ಬುಡಗಳು ಮಾತ್ರ ಕಲ್ಲಿನ ತೂತುಗಳೊಳಗೆ ಹಾಗೇ ಉಳಿದವು. ಆಗ ಹೊಳೆದದ್ದೇ ಆ ದರಿದ್ರ ಉಪಾಯ: ಕುದಿಸಿಬಿಟ್ಟರೆ? ದೊಡ್ಡ ಪಾತ್ರೆಗೆ ನೀರು ಹಾಕಿ, ಕಲ್ಲು ಮುಳುಗಿಸಿ ಒಲೆ ಹಚ್ಚಿದೆ. ವಿಷದ ಮಾತು ಹಾಗಿರಲಿ, ಟ್ಯಾಂಕಿನ ದೃಷ್ಟಿಯಿಂದಲೂ ಅದು ಪೆದ್ದ ಕೆಲಸವೇ. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಮನೆ ಮಾಡಿಕೊಂಡಿರುವುದು ಆ ಕಲ್ಲಿನಲ್ಲೇ. ಅದನ್ನು ಬೇಯಿಸಿ ವಾಪಸ್ ಇಟ್ಟರೆ ನೀರು ಕೆಡುವುದು ಖಾತ್ರಿ.

ಹದಿನೈದು ನಿಮಿಷ ಕುದಿಯಿತು. ಆವಿಯ ಮೇಲೆ ಬಗ್ಗಿ ಎರಡು ಸಲ ಇಣುಕಿ ನೋಡಿದ್ದೂ ಉಂಟು.

ಮೊದಲು ಬಂದದ್ದು ರುಚಿ. ತುಕ್ಕು ಹಿಡಿದ ಮೊಳೆಯನ್ನು ನಾಲಿಗೆ ಮೇಲೆ ಇಟ್ಟುಕೊಂಡ ಹಾಗೆ, ಕಹಿ ಬೆರೆತ ಲೋಹದ ರುಚಿ. ನೀರು ಕುಡಿದರೂ ಹೋಗಲಿಲ್ಲ. ಆಮೇಲೆ ಕೆಮ್ಮು. ಹಾಲ್‌ನಲ್ಲಿ ಕೂತಿದ್ದ ಹೆಂಡತಿ, "ಏನ್ರೀ ಅದು, ಗಂಟಲೆಲ್ಲ ಕೆರೆಯುತ್ತಿದೆ" ಅಂದಳು. ಅವಳು ಅಡುಗೆಮನೆಗೆ ಕಾಲೇ ಇಟ್ಟಿರಲಿಲ್ಲ. ಎರಡು ಗಂಟೆ ಕಳೆಯುವಷ್ಟರಲ್ಲಿ ನನಗೆ ಎರಡು ರಗ್ಗು ಹೊದ್ದರೂ ನಿಲ್ಲದ ನಡುಕ, ತೊಡೆಯಲ್ಲಿ ಹೊಡೆಸಿಕೊಂಡಂಥ ನೋವು, ಎದೆಯ ಮೇಲೆ ಯಾರೋ ಕೂತಂತೆ ಉಸಿರು. ಫ್ಲೂ ಇರಬೇಕು ಅಂತ ಮಲಗಲು ಹೊರಟಿದ್ದೆ. ಇಬ್ಬರಿಗೂ ಒಂದೇ ಸಲ ಹೇಗೆ ಫ್ಲೂ ಬರುತ್ತೆ ಅಂತ ಅವಳೇ ಕೇಳಿದ್ದು. ಆ ಪ್ರಶ್ನೆ ಕೇಳಿರದಿದ್ದರೆ ನಾನಂತೂ ಮಲಗಿಬಿಡುತ್ತಿದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರು "ಏನು ತಿಂದಿರಿ?" ಅಂತ ಕೇಳಿದರು. "ಹವಳ ಕುದಿಸಿದೆ" ಅಂದಾಗ ಅವರ ಮುಖ ನೋಡಬೇಕಿತ್ತು. ಅವರ ತಪ್ಪೇನಿಲ್ಲ, ಇದು ದಿನಾ ಬರುವ ಕೇಸಲ್ಲ. ಪಾಲಿಥೋವಾದ ವಿಷದ ಹೆಸರಾದ ಪಾಲಿಟಾಕ್ಸಿನ್ ಅನ್ನೋ ಪದವನ್ನು ಮೊಬೈಲಿನಲ್ಲಿ ಹುಡುಕಿ ತೋರಿಸಿದ ಮೇಲೆ ಕೆಲಸ ಸರಿ ದಾರಿಗೆ ಬಂತು. ನಿಮಗೆ ಇಂಥದ್ದೇನಾದರೂ ಆದರೆ ಆ ಒಂದು ಪದ ನೆನಪಿಟ್ಟುಕೊಳ್ಳಿ. ಇದಕ್ಕೆ ಪ್ರತಿವಿಷ ಇಲ್ಲ. ಆಕ್ಸಿಜನ್, ಡ್ರಿಪ್, ಹೃದಯದ ಮೇಲೆ ನಿಗಾ, ಮಾಂಸಖಂಡ ಹಾಳಾಗುತ್ತಿದೆಯಾ ಅಂತ ರಕ್ತಪರೀಕ್ಷೆ, ಇಷ್ಟೇ. ಹೆಂಡತಿಯನ್ನು ಮಾರನೆ ದಿನ ಬಿಟ್ಟರು. ನನ್ನನ್ನು ಮೂರು ದಿನ ಇಟ್ಟುಕೊಂಡರು. ಕೆಮ್ಮು ಒಂದು ತಿಂಗಳು ಬಿಡಲಿಲ್ಲ.

ಹವಾಯಿಯ ಮಾವಿ ದ್ವೀಪದ ಹಾನಾ ಎಂಬಲ್ಲಿ ಹಿಂದಿನವರಿಗೆ ಇದು ಗೊತ್ತಿತ್ತು. ಅಲ್ಲಿನ ಒಂದು ಕೊಳದಲ್ಲಿ ಬೆಳೆಯುವ 'ಸಾವಿನ ಪಾಚಿ'ಯನ್ನು ಈಟಿಯ ತುದಿಗೆ ಸವರುತ್ತಿದ್ದರಂತೆ. ಅದು ಪಾಚಿಯಲ್ಲ, ಪಾಲಿಥೋವಾ. ಅದರಿಂದಲೇ 1971ರಲ್ಲಿ ವಿಜ್ಞಾನಿಗಳಾದ ಮೂರ್ ಮತ್ತು ಶೋಯರ್ ಈ ವಿಷವನ್ನು ಬೇರ್ಪಡಿಸಿದ್ದನ್ನು ವರದಿ ಮಾಡಿದರು. ನಮ್ಮ ಜೀವಕೋಶಗಳಲ್ಲಿ ಸೋಡಿಯಂ ಹೊರಗೆ, ಪೊಟ್ಯಾಸಿಯಂ ಒಳಗೆ ಸಾಗಿಸುವ ಪಂಪು ಇರುತ್ತದಲ್ಲ, ಈ ವಿಷ ಹೋಗಿ ಆ ಪಂಪನ್ನು ಬಾಯಿ ತೆರೆದ ತೂತು ಮಾಡಿಬಿಡುತ್ತದೆ. ಮಾಂಸಖಂಡ, ಹೃದಯ ಎಲ್ಲಕ್ಕೂ ಪೆಟ್ಟು. ಕುದಿಸಿದರೆ ಇದು ಸಾಯುವುದಿಲ್ಲ, ಆವಿಯ ಸಣ್ಣ ಹನಿಗಳ ಜೊತೆ ಮನೆಯೆಲ್ಲ ಹರಡುತ್ತದೆ.

ಎಲ್ಲ ಝೋವಾಗಳಲ್ಲೂ ವಿಷ ಒಂದೇ ಸಮ ಇರುವುದಿಲ್ಲ. ಒಂದರಲ್ಲಿ ವಿಪರೀತ, ಅದರಂತೆಯೇ ಕಾಣುವ ಇನ್ನೊಂದರಲ್ಲಿ ಇಲ್ಲವೇ ಇಲ್ಲ. ಕಣ್ಣಿನಲ್ಲಿ ನೋಡಿ ಹೇಳುವಂತಿಲ್ಲ. "ನಾನು ಹತ್ತು ವರ್ಷದಿಂದ ಬರಿಗೈಯಲ್ಲೇ ಕತ್ತರಿಸ್ತಿದೀನಿ, ಏನೂ ಆಗಿಲ್ಲ" ಅನ್ನುವವರು ಸಿಗುತ್ತಾರೆ. ಅವರ ಪುಣ್ಯ.

ಈಗ ನಾನು ಮಾಡುವುದು ಇಷ್ಟು. ಬೇಡದ ಕಾಲೊನಿ ಇದ್ದರೆ ಕಲ್ಲನ್ನು ನೀರೊಳಗೇ ಪ್ಲಾಸ್ಟಿಕ್ ಚೀಲಕ್ಕೆ ಇಳಿಸಿ ಗಂಟು ಹಾಕಿ, ಕಲ್ಲು ಸಮೇತ ಎಸೆಯುತ್ತೇನೆ. ಒಂದು ಕಲ್ಲಿನ ಆಸೆ ಬಿಟ್ಟರೆ ಆಯಿತು. ಕೈಗೆ ಗವಸು, ಕಣ್ಣಿಗೆ ಪೂರ್ತಿ ಮುಚ್ಚುವ ಕನ್ನಡಕ. ಈ ಪಾಲಿಪ್‌ಗಳು ಕತ್ತರಿಸುವಾಗ ಪಿಚಕಾರಿಯಂತೆ ನೀರು ಚಿಮ್ಮುತ್ತವೆ, ಕಣ್ಣಿಗೆ ಬಿದ್ದರೆ ಕಣ್ಣಿನ ಕರಿಗುಡ್ಡೆಯ ಮೇಲಿನ ಪದರವೇ ಹಾಳಾಗಬಹುದು. ಕೈಯಲ್ಲಿ ಗಾಯ ಇದ್ದ ದಿನ ಟ್ಯಾಂಕ್ ಮುಟ್ಟುವುದಿಲ್ಲ. ಬಳಸಿದ ಸಾಮಾನನ್ನು ಬ್ಲೀಚ್ ನೀರಿನಲ್ಲಿ ನೆನೆಸಿಡುತ್ತೇನೆ, ವಿಷವನ್ನು ಮುರಿಯುವುದು ಅದು. ಆದರೆ ಟ್ಯಾಂಕಿನ ಪಂಪ್ ತೊಳೆಯಲು ಇಟ್ಟುಕೊಂಡಿರುವ ವಿನಿಗರ್ ಜೊತೆ ಬ್ಲೀಚ್ ಬೆರೆಸಬೇಡಿ, ಕ್ಲೋರಿನ್ ಅನಿಲ ಬರುತ್ತದೆ. ಟ್ಯಾಂಕಿನೊಳಗೆ ಪಾಲಿಪ್ ಹರಿದುಹೋದರೆ ಆಕ್ಟಿವೇಟೆಡ್ ಕಾರ್ಬನ್ (ವಿಷ ಹೀರಿಕೊಳ್ಳುವ ಇದ್ದಿಲು) ಹಾಕಿ, ಸ್ವಲ್ಪ ನೀರು ಬದಲಿಸುತ್ತೇನೆ.

ನಾನು ಆಸ್ಪತ್ರೆಯಲ್ಲಿದ್ದಾಗ ಮೀನಿಗೆ ಊಟ ಹಾಕಲು ನನ್ನ ತಮ್ಮ ನಮ್ಮ ಮನೆಗೆ ಹೋಗಿದ್ದ. ಫೋನ್ ಮಾಡಿ, "ಅಣ್ಣಾ, ಒಲೆ ಮೇಲೆ ಪಾತ್ರೇಲಿ ಏನೋ ಕಲ್ಲಿದೆ, ಚೆಲ್ಲಿ ತೊಳೆದಿಡ್ಲಾ?" ಅಂದ. ನಾನು ಆಕ್ಸಿಜನ್ ಮಾಸ್ಕ್ ಕಿತ್ತು ಕಿರುಚಿದ್ದು ನೋಡಿ ನರ್ಸ್ ಓಡಿ ಬಂದರು. ಕಿಟಕಿಗಳನ್ನೆಲ್ಲ ತೆರೆದು ಅವನು ಹೊರಗೆ ಬಂದು ನಿಂತ. ಆ ಪಾತ್ರೆಯನ್ನು ಆಮೇಲೆ ನಾನೇ ಮುಖ ಮುಚ್ಚಿಕೊಂಡು ಬ್ಲೀಚ್ ಸುರಿದು, ಕಲ್ಲಿನ ಸಮೇತ ಕಟ್ಟಿ ಎಸೆದೆ. ಹೆಂಡತಿಗೆ ತವರಿನಿಂದ ಬಂದ ಪಾತ್ರೆ ಅದು. ಈಗಲೂ ನೆನಪಿಸುತ್ತಾಳೆ.