ವಿಟಮಿನ್ ಡಿ: ಯಾರು ಬರೆದದ್ದನ್ನು ನಂಬೋದು?

ಮಾತ್ರೆ ಮಾರುವವರ ಲೇಖನ ಓದಲು ಸಲೀಸು. ಸುಸ್ತು, ಕೂದಲುದುರುವುದು, ಮಂಡಿನೋವು ಎಲ್ಲಕ್ಕೂ ಒಂದೇ ಮದ್ದು; ಬರೆದವರ ಹೆಸರಾಗಲಿ ತಾರೀಖಾಗಲಿ ಎಷ್ಟೋ ಸಲ ಇರುವುದೇ ಇಲ್ಲ.

ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಮಾಹಿತಿಪತ್ರ ಒಣಒಣ. ಆದರೆ ಪರಿಷ್ಕರಿಸಿದ ದಿನಾಂಕವಿದೆ, ಆಧಾರಗಳಿವೆ, ಯಾವುದಕ್ಕೆ ಉಪಯೋಗವಿಲ್ಲ ಎಂಬುದೂ ಇದೆ. 25,871 ಜನರ ಮೇಲೆ ನಡೆದ ವೈಟಲ್ ಎಂಬ ಅಧ್ಯಯನದಲ್ಲಿ ದಿನಕ್ಕೆ 2,000 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ) ವಿಟಮಿನ್ ಡಿ ಕೊಟ್ಟರೂ ಕ್ಯಾನ್ಸರ್ ಬರುವುದು, ಹೃದಯಾಘಾತ ಕಡಿಮೆಯಾಗಲಿಲ್ಲ.

ನಾನು ಮೊದಲು ಹುಡುಕುವುದು ಡೋಸ್. ವಯಸ್ಕರಿಗೆ ದಿನದ ಗರಿಷ್ಠ ಮಿತಿ 4,000 ಐಯು ಎಂದು ಎನ್‌ಐಎಚ್ ಸ್ಪಷ್ಟವಾಗಿ ಹೇಳುತ್ತದೆ. ನಮ್ಮಲ್ಲಿ ವೈದ್ಯರು ಸಾಮಾನ್ಯವಾಗಿ ವಾರಕ್ಕೊಂದು ಎಂದು ಬರೆದುಕೊಡುವ 60,000 ಐಯು ಪುಡಿಯನ್ನು ಯಾರಾದರೂ ತಿಳಿಯದೆ ದಿನಾ ತೆಗೆದುಕೊಳ್ಳುತ್ತಾ ಹೋದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೇ ಪೆಟ್ಟು. ಈ ಎಚ್ಚರಿಕೆ ಇಲ್ಲದ ಲೇಖನವನ್ನು, ಎಷ್ಟೇ ಚೆಂದವಾಗಿರಲಿ, ಅಪ್ಪ ಅಮ್ಮನಿಗೆ ಕಳಿಸಬೇಡಿ.