ಹತ್ತನೇ ಕ್ಲಾಸಿನ ಬೀಳ್ಕೊಡುಗೆ ಪುಸ್ತಕ ಮಾಡಿಕೊಟ್ಟ ಬೆಟಗೇರಿಯ ಪ್ರೆಸ್

ಶಾಲೆಯ ಪುಸ್ತಕ ಅಚ್ಚು ಹಾಕಿಸಬೇಕು, ಎಲ್ಲಿ ಕೊಡೋದು ಅಂತ ಕೇಳುವ ಶಿಕ್ಷಕರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಗದಗ-ಬೆಟಗೇರಿಗೆ ಮುದ್ರಣ ಕಾಶಿ ಅಂತಲೇ ಹೆಸರು. ನೋಟ್‌ಬುಕ್ಕು, ಗೈಡು, ಮದುವೆ ಕಾರ್ಡು, ಏನು ಬೇಕಾದರೂ ಇಲ್ಲಿ ಅಚ್ಚಾಗುತ್ತದೆ. ಹಾಗಾಗಿ ಪ್ರೆಸ್ಸಿಗೇನೂ ಬರವಿಲ್ಲ. ಆದರೆ ಮಕ್ಕಳು ಬರೆದದ್ದನ್ನು ಬರೆದ ಹಾಗೇ ಬಿಡುವವರು ಸಿಗಬೇಕಲ್ಲ? ನಮಗೆ ಈ ವರ್ಷ ಸಿಕ್ಕರು.

ನಾನು ಗದಗ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಈ ಸಲ ಹತ್ತನೇ ಕ್ಲಾಸಿನಲ್ಲಿ 34 ಮಕ್ಕಳು. ಬೀಳ್ಕೊಡುಗೆ ದಿನ ಒಂದು ಪೆನ್ನು ಕೊಟ್ಟು ಕಳಿಸುವ ಬದಲು, ಅವರೇ ಒಬ್ಬರ ಬಗ್ಗೆ ಒಬ್ಬರು ಬರೆದ ಪುಸ್ತಕ ಕೊಡೋಣ ಅಂತ ಹೊರಟೆವು. ಚೀಟಿ ಎತ್ತಿಸಿದೆ. ಯಾರ ಹೆಸರು ಬಂತೋ ಅವರ ಬಗ್ಗೆ ಒಂದು ಪುಟ. ಒಳ್ಳೆಯ ಹುಡುಗ, ಜಾಣ ಹುಡುಗಿ ಅಂತೆಲ್ಲ ಬೇಡ, ಕಣ್ಣಾರೆ ಕಂಡದ್ದು ಬರೆಯಿರಿ ಅಂದೆ.

ಏನು ಬರೆದರು ಅಂತ ಸ್ವಲ್ಪ ಹೇಳಲೇಬೇಕು. ಹೆಸರು ಹಾಕುವುದಿಲ್ಲ, ಮಕ್ಕಳು ಅಲ್ವಾ.

ಒಬ್ಬ ಹುಡುಗ ತನ್ನ ಪಕ್ಕದ ಸಾಲಿನ ಹುಡುಗಿ ಬಗ್ಗೆ ಬರೆದಿದ್ದ: "ಆಕಿ ಲೆಕ್ಕ ತಪ್ಪಾದ್ರ ರಬ್ಬರ್ ಹಚ್ಚೂದಿಲ್ಲ. ಒಂದ ಗೆರಿ ಹೊಡದು ಬಾಜೂಕ ಬರೀತಾಳ. ಯಾಕ ಅಂದ್ರ, ಎಲ್ಲಿ ತಪ್ಪೇತಿ ಅಂತ ಆಮ್ಯಾಲ ಗೊತ್ತಾಗಬೇಕಲ್ಲ ಅಂತಾಳ." ಮೂರು ವರ್ಷ ಆ ಹುಡುಗಿಯ ನೋಟ್ಸ್ ತಿದ್ದಿದವಳು ನಾನು. ಆ ಗೆರೆಗಳು ನನ್ನ ಕಣ್ಣಿಗೂ ಬಿದ್ದಿವೆ. ಯಾಕೆ ಅಂತ ಕೇಳಿದವನು ಅವನು.

ಉಳ್ಳಾಗಡ್ಡಿ ಬೆಳೆಯುವ ಮನೆಯ ಹುಡುಗನೊಬ್ಬನಿದ್ದಾನೆ. ಸುಗ್ಗಿಯಲ್ಲಿ ಅಪ್ಪನ ಜೊತೆ ಎಪಿಎಂಸಿಗೆ ಹೋಗಿ ಲೇಟಾಗಿ ಬರುತ್ತಾನೆ. ಅವನ ಬಗ್ಗೆ: "ಯಾರ ಪಾಟಿಚೀಲ ಇರ್ಲಿ, ಒಂದ ಕೈಲೆ ಎತ್ತಿ ಎಷ್ಟ ಕಿಲೋ ಅಂತ ಹೇಳತಾನ. ಚೀಲ ಹಗರ ಆಗಿದ್ರ, ಇವತ್ತ ಏನೋ ಬಿಟ್ಟ ಬಂದೀ ಅಂತಾನ. ಅವ ಹೇಳಿದ ಮ್ಯಾಲ ನೋಡಿದ್ರ ಖರೇನ ಒಂದ ಪುಸ್ತಕ ಮನ್ಯಾಗ ಉಳಿದಿರ್ತೈತಿ."

ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಕ್ಲಾಸಿನಲ್ಲಿ ಬಾಯೇ ಬಿಡದ ಹುಡುಗಿಯ ಪುಟ. "ಬಸ್ಸಿನ್ಯಾಗ ಸೀಟ ಸಿಕ್ರ ನಿಂತವರ ಚೀಲ ಎಲ್ಲಾ ಇಸ್ಕೊಂಡು ತೊಡಿ ಮ್ಯಾಲ ಇಟ್ಕೊಂತಾಳ. ಆಕಿ ಮಾರಿ ಕಾಣಸೂದಿಲ್ಲ. ಸ್ಟಾಪ್ ಬಂದಾಗ ಯಾರ ಚೀಲ ಯಾರಿಗಂತ ಕೇಳದ ಕೊಡತಾಳ." ಇಷ್ಟೇ ಪುಟ. ಇನ್ನೊಂದು ಸಾಲು ಸೇರಿಸು ಅಂತ ನಾನು ಹೇಳಲಿಲ್ಲ. ಖೋ ಖೋ ಟೀಮಿನವರ ಬಗ್ಗೆಯೂ, ಬಿಸಿಯೂಟದಲ್ಲಿ ಮೊಟ್ಟೆ ಬಾಳೆಹಣ್ಣು ಅದಲು ಬದಲು ಮಾಡುವವನ ಬಗ್ಗೆಯೂ ಚೆನ್ನಾಗಿ ಬಂದಿವೆ.

ಇಂಥದ್ದನ್ನು ಅಚ್ಚಿಗೆ ಕೊಡುವಾಗ ಜೀವ ಹಿಡಿಯಷ್ಟಾಗುತ್ತದೆ. ಹೋದ ವರ್ಷ ಬೇರೊಂದು ಕಡೆ ಕೊಟ್ಟಿದ್ದೆವು. ಅಲ್ಲಿ ಯಾರೋ ಕೂತು ಮಕ್ಕಳ ಮಾತನ್ನೆಲ್ಲ ಪುಸ್ತಕದ ಭಾಷೆಗೆ ತಿದ್ದಿಬಿಟ್ಟಿದ್ದರು. ಅಚ್ಚಾದ ಮೇಲೆ ಒಬ್ಬ ಹುಡುಗ ತನ್ನ ಪುಟ ಓದಿ, "ಇದನ್ನ ನಾ ಬರದಿಲ್ರಿ ಅಕ್ಕಾರ" ಅಂದ. ನನಗೆ ತುಂಬಾ ಬೇಜಾರಾಯಿತು.

ಈ ಪ್ರೆಸ್ಸಿನಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ, ಮಾಡುವವರು ಒಬ್ಬ ಹೆಣ್ಣುಮಗಳು. ನಾನು ಮೊಬೈಲಿನಲ್ಲಿ ಟೈಪ್ ಮಾಡಿ ವಾಟ್ಸಾಪಿನಲ್ಲಿ ಕಳಿಸಿದ್ದೆ, ಅದು ಯೂನಿಕೋಡ್, ಅಂದರೆ ಮೊಬೈಲು, ಇಂಟರ್ನೆಟ್ಟಿನಲ್ಲಿ ಬಳಸುವ ಅಕ್ಷರ ಸಂಕೇತ. ಅವರದ್ದು ಪುಟ ಜೋಡಿಸುವ ಪೇಜ್‌ಮೇಕರ್ ಸಾಫ್ಟ್‌ವೇರ್, ನುಡಿ ಫಾಂಟು, ಅದರ ಅಕ್ಷರ ಸಂಕೇತ ಬೇರೆ. ಒಂದರಿಂದ ಇನ್ನೊಂದಕ್ಕೆ ತಿರುಗಿಸುವಾಗ ಅಕ್ಷರ ಒಡೆಯುತ್ತವೆ, ಒತ್ತು ಎಲ್ಲೋ ಹೋಗಿ ಕೂರುತ್ತದೆ. ಎಷ್ಟೋ ಕಡೆ ಅದನ್ನು ನೋಡುವುದೇ ಇಲ್ಲ. ಇವರು ಮಕ್ಕಳ ಕೈಬರಹದ ಹಾಳೆಗಳನ್ನೇ ತರಿಸಿಕೊಂಡು, ಪಕ್ಕದಲ್ಲಿಟ್ಟು, ಸಾಲು ಸಾಲು ತಾಳೆ ನೋಡಿದರು. ಅನುಮಾನ ಬಂದ ಕಡೆ ಫೋನ್ ಮಾಡಿದರು. "ಅಕ್ಕಾರ, ಹುಡುಗ ಬರದಂಗ ಇಡ್ಲೋ, ನೀವು ಟೈಪ್ ಮಾಡಿದಂಗ ಇಡ್ಲೋ?" ಹುಡುಗ ಬರೆದ ಹಾಗೇ ಇರಲಿ ಅಂದೆ. ಪ್ರೂಫ್ ಎರಡು ಸಲ ಕೊಟ್ಟರು, ಅದಕ್ಕೆ ಬೇರೆ ದುಡ್ಡು ಕೇಳಲಿಲ್ಲ.

ಮಾಲೀಕರದ್ದೂ ಅಷ್ಟೇ ಕಾಳಜಿ. ನನಗೆ ಒಳಪುಟ ಮಿರಿಮಿರಿ ಆರ್ಟ್ ಪೇಪರಿನಲ್ಲಿ ಬೇಕಿತ್ತು. ಅವರು ಬೇಡ ಅಂದರು. "ಅದರ ಮ್ಯಾಲ ಪೆನ್ನಿನ ಶಾಯಿ ಒರಸಿ ಹೋಗ್ತದ್ರಿ. ಹುಡುಗರು ಸಹಿ ಎಲ್ಲಿ ಹಾಕಬೇಕು?" 70 ಜಿಎಸ್ಎಂ ಮ್ಯಾಪ್ಲಿಥೋ, ಅಂದರೆ ಚದರ ಮೀಟರಿಗೆ 70 ಗ್ರಾಂ ತೂಗುವ ಹೊಳಪಿಲ್ಲದ ಕಾಗದ ಹಾಕಿಸಿದರು. ಆರ್ಟ್ ಪೇಪರಿಗಿಂತ ಅಗ್ಗ. ತಮಗೇ ಕಡಿಮೆ ಸಿಗುವ ಸಲಹೆ ಕೊಟ್ಟರು. ಹಾಳೆ ಮಡಚಿ ನಡುವೆ ಪಿನ್ ಹೊಡೆಯುವ ಸೆಂಟರ್ ಪಿನ್ ಪುಸ್ತಕದಲ್ಲಿ ಪುಟದ ಲೆಕ್ಕ ನಾಲ್ಕು ನಾಲ್ಕಾಗಿ ಹೋಗಬೇಕು. ಹೆಸರಿನ ಪುಟ ಒಂದು, ಮಕ್ಕಳ ಪುಟ 34, ನಡುವೆ ಗ್ರೂಪ್ ಫೋಟೋಕ್ಕೆ ಎರಡು, ಒಟ್ಟು 37. 40ಕ್ಕೆ ಉಳಿದ ಮೂರನ್ನು ಖಾಲಿ ಬಿಟ್ಟು ಗೆರೆ ಹಾಕಿಸಿ, ಸಹಿಗೆ ಅಂತ ಇಟ್ಟರು. ಬೀಳ್ಕೊಡುಗೆ ದಿನ ಮಧ್ಯಾಹ್ನದೊಳಗೆ ಆ ಮೂರೂ ಪುಟ ತುಂಬಿ, ಹಿಂದಿನ ರಟ್ಟಿನ ಒಳಬದಿಗೂ ಬರೆದಿದ್ದರು.

60 ಪ್ರತಿ ಮಾಡಿಸಿದೆವು. ಇಷ್ಟು ಕಡಿಮೆ ಪ್ರತಿಗೆ ಆಫ್‌ಸೆಟ್ ಹಾಕಿದರೆ ಪುಟದ ಅಚ್ಚು ಮೂಡಿಸುವ ಪ್ಲೇಟಿನ ಖರ್ಚೇ ಜಾಸ್ತಿಯಾಗುತ್ತದೆ ಅಂತ ಡಿಜಿಟಲ್ ಪ್ರಿಂಟ್ ಮಾಡಿದರು. ಒಂದಕ್ಕೆ 48 ರೂಪಾಯಿ ಬಿತ್ತು. ಶಿಕ್ಷಕರೆಲ್ಲ ಸೇರಿ ಹಾಕಿದೆವು, ಮಕ್ಕಳಿಂದ ತಗೊಳ್ಳಲಿಲ್ಲ. ಬಿಲ್ಲು ಸರಿಯಾಗಿ ಕೊಟ್ಟರು.

ಕೊರತೆ ಇಲ್ಲ ಅಂತಲ್ಲ. ಗ್ರೂಪ್ ಫೋಟೋ ಕಪ್ಪಾಗಿ ಬಂದಿದೆ. ಹಿಂದಿನ ಸಾಲಿನಲ್ಲಿ ನಿಂತ ಎತ್ತರದ ಹುಡುಗರ ಮುಖ ಗುರುತು ಹಿಡಿಯಲು ಕಷ್ಟ. ಅವರ ಅವ್ವ ಅಪ್ಪ ಮೊದಲು ತೆರೆಯುವುದೇ ಆ ಪುಟ, ಹಾಗಾಗಿ ಇದು ಸಣ್ಣ ವಿಷಯವಲ್ಲ. ಒಳಪುಟಕ್ಕೆ ಪ್ರೂಫ್ ಕೊಟ್ಟ ಹಾಗೆ ಫೋಟೋಕ್ಕೂ ಒಂದು ಪ್ರಿಂಟ್ ತೆಗೆದು ತೋರಿಸಿದ್ದರೆ ಸರಿಹೋಗುತ್ತಿತ್ತು. ಕೆಲವು ಪ್ರತಿಗಳ ರಟ್ಟಿನ ಲ್ಯಾಮಿನೇಷನ್ ಅಂಚಿನಲ್ಲಿ ಎದ್ದಿತ್ತು. ಹೇಳಿದ ತಕ್ಷಣ ಅಷ್ಟನ್ನೂ ಬದಲಿಸಿ ಕೊಟ್ಟರು.

ಹೆಸರು ಬರೆಯಬೇಡಿ ಅಂತ ಮಾಲೀಕರೇ ಹೇಳಿದ್ದಾರೆ. ಇರುವುದು ಮೂರೇ ಜನ, ಕೆಲಸ ಜಾಸ್ತಿಯಾದರೆ ತಾಳೆ ನೋಡಲು ಆಗಲ್ಲ ಅಂತ. ನಮ್ಮ ತಾಲ್ಲೂಕಿನ ಶಿಕ್ಷಕರು ನನ್ನನ್ನು ಕೇಳಿದರೆ ನಂಬರ್ ಕೊಡುತ್ತೇನೆ. ಬರಹವನ್ನು ಜನವರಿ ಮುಗಿಯುವುದರೊಳಗೆ ಕೊಟ್ಟುಬಿಡಿ, ಆಮೇಲೆ ಮದುವೆ ಕಾರ್ಡು, ಜಾತ್ರೆ ಪೋಸ್ಟರು ಶುರುವಾಗುತ್ತವೆ. ಟೈಪ್ ಮಾಡಿದ್ದರ ಜೊತೆ ಮಕ್ಕಳ ಕೈಬರಹದ ಹಾಳೆಗಳನ್ನೂ ತಗೊಂಡು ಹೋಗಿ. ಫೋಟೋದ ಪ್ರಿಂಟ್ ನೋಡದೆ ಒಪ್ಪಬೇಡಿ.