ಏರ್ ರೈಫಲ್ ಓ-ರಿಂಗ್ ಕಿಟ್: ರಬ್ಬರ್ ಗಟ್ಟಿ, ಪೊಟ್ಟಣ ಅಧ್ವಾನ

ಬೇರೆ ಬೇರೆ ಅಳತೆಯ ಓ-ರಿಂಗುಗಳನ್ನೆಲ್ಲ (ಗಾಳಿ ಸೋರದಂತೆ ತಡೆಯುವ ರಬ್ಬರ್ ಉಂಗುರಗಳು) ಒಂದೇ ಪ್ಲಾಸ್ಟಿಕ್ ಚೀಲಕ್ಕೆ ಸುರಿದು ಕಳಿಸಿದ್ದಾರಲ್ಲ, ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಮಗಳ ಹತ್ತು ಮೀಟರ್ ಅಭ್ಯಾಸದ ಪಿಸಿಪಿ (ಮೊದಲೇ ತುಂಬಿಟ್ಟ ಒತ್ತಡದ ಗಾಳಿಯಿಂದ ಹಾರಿಸುವ) ರೈಫಲ್‌ಗೆಂದು ಕಳೆದ ಮಳೆಗಾಲಕ್ಕೆ ಮುಂಚೆ ಈ ಕಿಟ್ ತರಿಸಿದೆ. ಚೀಲ ಬಿಚ್ಚಿದರೆ ಕಪ್ಪು ರಿಂಗುಗಳ ರಾಶಿ, ಒಂದು ಹಿತ್ತಾಳೆ ಕೊಕ್ಕೆ, ಪುಟ್ಟ ಡಬ್ಬಿಯಲ್ಲಿ ಸಿಲಿಕೋನ್ ಗ್ರೀಸ್. ಯಾವ ರಿಂಗ್ ಎಲ್ಲಿಗೆ ಎಂದು ತಿಳಿಸುವ ಒಂದು ಚೀಟಿಯೂ ಇಲ್ಲ.

ಇದೇನು ಮಹಾ ಅನ್ನಬೇಡಿ. ಇಂಚಿನ ಲೆಕ್ಕದ ರಿಂಗ್ ಒಳವ್ಯಾಸ 7.65 ಮಿ.ಮೀ., ದಪ್ಪ 1.78. ಮೆಟ್ರಿಕ್ ರಿಂಗ್ ಒಳವ್ಯಾಸ 8, ದಪ್ಪ 2. ಅಂಗೈಯಲ್ಲಿಟ್ಟರೆ ಎರಡೂ ಒಂದೇ. ಆದರೆ 2 ಮಿ.ಮೀ. ರಿಂಗಿನ ಗಾಡಿಗೆ (ರಿಂಗ್ ಕೂರುವ ತೋಡಿಗೆ) ತೆಳ್ಳಗಿನದು ಹಾಕಿದರೆ ಅದು ಸರಿಯಾಗಿ ಒತ್ತಿಕೊಳ್ಳುವುದಿಲ್ಲ, ಗಾಳಿ ಮೆಲ್ಲಗೆ ಸೋರುತ್ತದೆ. ದಪ್ಪನೆಯದನ್ನು ಕಿರಿದಾದ ಗಾಡಿಗೆ ತುರುಕಿದರೆ ಕೂರಿಸುವಾಗಲೇ ಅಂಚು ಸಿಪ್ಪೆಯಂತೆ ಎದ್ದುಬರುತ್ತದೆ. ಸಾಲದ್ದಕ್ಕೆ 70 ಶೋರ್ (ರಬ್ಬರಿನ ಗಡಸು ಅಳೆಯುವ ಮಾನ; ಸಂಖ್ಯೆ ಹೆಚ್ಚಿದಷ್ಟೂ ಗಡಸು) ಗಡಸಿನದೂ 90 ಶೋರ್‌ನದೂ ಬೆರೆತಿವೆ, ಬಣ್ಣ ಒಂದೇ. 200 ಬಾರ್ ಒತ್ತಡ ಬೀಳುವ ಕಡೆ ಮೆತ್ತನೆಯದು ಸಂದಿಯೊಳಕ್ಕೆ ಹಿಂಡಿಕೊಂಡು ಹರಿಯುತ್ತದೆ. ಕೊನೆಗೆ ವರ್ನಿಯರ್ ಕ್ಯಾಲಿಪರ್ ಹಿಡಿದು, ರಬ್ಬರ್ ಅಮುಕದ ಹಾಗೆ ಹಗುರವಾಗಿ ಒಂದೊಂದನ್ನೇ ಅಳೆದು, ಚಿವುಟಿ ಗಡಸು ನೋಡಿ, ಮಾತ್ರೆ ಡಬ್ಬಿಯ ಖಾನೆಗಳಿಗೆ ಹಂಚಿದೆ. ಒಂದು ಸಂಜೆ ಪೂರ್ತಿ ಅದಕ್ಕೇ ಹೋಯಿತು. ಕಂಪನಿಯವರು ನಾಲ್ಕು ಪುಟ್ಟ ಪೊಟ್ಟಣ ಮಾಡಿ ಮೇಲೆ ಅಳತೆ ಬರೆದಿದ್ದರೆ ಮುಗಿಯುತ್ತಿತ್ತು.

ಸೋರಿಕೆ ಸಣ್ಣದಾದರೂ ಸ್ಕೋರಿನಲ್ಲಿ ಸಣ್ಣದಲ್ಲ. ಪೆಲೆಟ್ (ಏರ್ ರೈಫಲ್ಲಿನ ಪುಟ್ಟ ಗುಂಡು) ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹೊರಟರೆ ಹತ್ತು ಮೀಟರ್ ತಲುಪುವಷ್ಟರಲ್ಲಿ ಸುಮಾರು 17 ಮಿ.ಮೀ. ಬೀಳುತ್ತದೆ. ಸೋರಿಕೆಯಿಂದ ಆ ವೇಗ ಐದು ಮೀಟರ್ ತಗ್ಗಿದರೆ ಇನ್ನೊಂದು ಮಿ.ಮೀ. ಕೆಳಗೆ. ಅಂಕದ ಹತ್ತನೇ ಒಂದು ಭಾಗವನ್ನೂ ಎಣಿಸುವ ದಶಮಾಂಶ ಸ್ಕೋರಿಂಗ್‌ನಲ್ಲಿ 0.1 ಅಂದರೆ ಕಾಲು ಮಿ.ಮೀ. ಎಂದಮೇಲೆ, ಮಗು ಎಷ್ಟೇ ಚೆನ್ನಾಗಿ ಗುರಿ ಹಿಡಿದರೂ 0.4 ಹೋಯಿತು. ಅವಳು ತನ್ನ ಟ್ರಿಗರ್ ಬೆರಳನ್ನೇ ಬೈದುಕೊಳ್ಳುತ್ತಾಳೆ, ನನಗದು ಸಹಿಸಲಾಗುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಕೊಕ್ಕೆಯ ಮಾತು ಹೇಳದಿದ್ದರೆ ಅನ್ಯಾಯ. ಕಿಟ್‌ನಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ. ಹಳೆ ರಿಂಗ್ ಕೀಳಲು ಉಕ್ಕಿನ ಸೂಜಿ ಬಳಸಿದರೆ ಗಾಡಿಯೊಳಗೆ ಗೀರು ಬೀಳುತ್ತದೆ, ಗೀರು ಬಿದ್ದ ಗಾಡಿಗೆ ಹೊಸ ರಿಂಗ್ ಹಾಕಿಯೂ ಫಲವಿಲ್ಲ. ಹಿತ್ತಾಳೆ ಮೆದು. ಇದರ ತುದಿಯನ್ನು ಸರಿಯಾದ ಕೋನಕ್ಕೆ ಬಾಗಿಸಿ ನಯ ಮಾಡಿದ್ದಾರೆ. ರಿಂಗಿನ ಅಡಿಗೆ ಸೇರಿಸಿ ಸ್ವಲ್ಪ ತಿರುವಿದರೆ ಸಾಕು, ಅದು ತಾನಾಗಿ ಎದ್ದು ಬರುತ್ತದೆ.

ಈಗ ಭಾನುವಾರ ಬೆಳಗಿನ ಕಾಫಿ ಆದಮೇಲೆ ಬೇಕಾದಾಗೆಲ್ಲ ಈ ಕೆಲಸ. ಮೊದಲು ಪೆಲೆಟ್ ಇಲ್ಲವೆಂದು ಖಾತ್ರಿ, ಆಮೇಲೆ ಸಿಲಿಂಡರ್ ಬಿಚ್ಚಿ ಉಳಿದ ಗಾಳಿಯನ್ನೂ ಪೂರ್ತಿ ಖಾಲಿ ಮಾಡುವುದು. ಮೇಜಿನ ಮೇಲೆ ಹಳೆ ಬಿಳಿ ಪಂಚೆಯ ತುಂಡು, ಅದರ ಮೇಲೆ ಅಂಚು ಎತ್ತರವಿರುವ ಸ್ಟೀಲ್ ತಟ್ಟೆ. ಬೋಲ್ಟ್ (ಪೆಲೆಟನ್ನು ನಳಿಗೆಯೊಳಕ್ಕೆ ತಳ್ಳುವ ಭಾಗ) ಪಕ್ಕದ ಸ್ಪ್ರಿಂಗ್ ಮತ್ತು ಸಾಸಿವೆಗಿಂತ ಕೊಂಚ ದೊಡ್ಡದಾದ ಉಕ್ಕಿನ ಗುಂಡು ಬಿಚ್ಚುವಾಗ ಮಾತ್ರ ಆ ಭಾಗವನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗಿಟ್ಟು, ಎರಡೂ ಕೈ ಒಳಗೆ ಹಾಕಿಯೇ ಬಿಚ್ಚುತ್ತೇನೆ. ಹಾರಿದರೂ ಚೀಲದಲ್ಲೇ ಇರುತ್ತದೆ. ಗ್ರೀಸನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ರಿಂಗಿಗೆ ಹೊಳಪು ಬರುವಷ್ಟೇ ಸವರುವುದು. ಮನೆಯ ಹೊಲಿಗೆ ಯಂತ್ರದ ಎಣ್ಣೆಯನ್ನು ಹತ್ತಿರಕ್ಕೂ ತರಬೇಡಿ, ಅಷ್ಟು ಒತ್ತಡದ ಗಾಳಿಯಲ್ಲಿ ಪೆಟ್ರೋಲಿಯಂ ಎಣ್ಣೆ ಹೊತ್ತಿಕೊಳ್ಳಬಹುದು. ಕೂರಿಸಿದ ಮೇಲೆ ಸೋಪಿನ ನೀರು ಸವರಿ ಗುಳ್ಳೆ ಏಳುತ್ತದೆಯೇ ನೋಡುವುದು. ಗಾಳಿಯ ಒತ್ತಡವನ್ನು ಒಂದೇ ಹದದಲ್ಲಿಡುವ ರೆಗ್ಯುಲೇಟರ್ ಮತ್ತು ಸಿಲಿಂಡರ್ ವಾಲ್ವ್‌ಗೆ ನಾನು ಕೈ ಹಾಕುವುದಿಲ್ಲ, ಅದು ಸರ್ವಿಸ್‌ನವರ ಕೆಲಸ.

ಮಳೆಗಾಲ ಪೂರ್ತಿ ಕೈಪಂಪಿನಿಂದಲೇ ಗಾಳಿ ತುಂಬಿದ್ದೇವೆ. ಪಂಪಿನ ಬಾಯಿಗೆ ಸಿಲಿಕಾ ಜೆಲ್ ಡಬ್ಬಿ ಇದ್ದರೂ ತೇವ ಒಂದಿಷ್ಟು ಒಳಸೇರುತ್ತದೆ. ಆದರೂ ರಿಂಗುಗಳು ಉಬ್ಬಿಲ್ಲ, ಚಪ್ಪಟೆಯಾಗಿಲ್ಲ. ಶನಿವಾರ ರಾತ್ರಿ ಗೇಜಿನ ಮುಳ್ಳು ಎಲ್ಲಿತ್ತೋ ಭಾನುವಾರ ಬೆಳಿಗ್ಗೆಯೂ ಅಲ್ಲೇ. ಹಿಂದೆ ಬಿಡಿಯಾಗಿ ಕೊಂಡ ಅಗ್ಗದ ರಿಂಗುಗಳಲ್ಲಿ ಈ ನೆಮ್ಮದಿ ಇರಲಿಲ್ಲ.

ಬೆಲೆ ಸಾವಿರದೊಳಗೆ. ರೈಫಲ್ ಪ್ಯಾಕ್ ಮಾಡಿ ಊರಾಚೆ ಸರ್ವಿಸ್‌ಗೆ ಕಳಿಸಿ, ವಾರಗಟ್ಟಲೆ ಅಭ್ಯಾಸ ಕಳೆದುಕೊಳ್ಳುವುದಕ್ಕೆ ಹೋಲಿಸಿದರೆ ನಮ್ಮಂಥ ಸಂಬಳದವರಿಗೆ ಇದು ಒಳ್ಳೆಯ ಲೆಕ್ಕವೇ. ಬೇಗ ಸವೆಯುವ ಬೋಲ್ಟ್ ತುದಿಯ ರಿಂಗುಗಳನ್ನು ಕಡಿಮೆ ಕೊಟ್ಟಿದ್ದಾರೆ, ಅವನ್ನು ಬೇರೆಯಾಗಿ ತರಿಸಿಟ್ಟುಕೊಳ್ಳಿ. ಕ್ಯಾಲಿಪರ್ ಇಲ್ಲದವರು ಮೊದಲು ಅದನ್ನು ಕೊಂಡು ಆಮೇಲೆ ಈ ಕಿಟ್‌ಗೆ ಬನ್ನಿ. ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತಿದ್ದೇನೆ. ಚೀಲಕ್ಕೊಂದು ಅಳತೆ ಚೀಟಿ ಹಾಕಿದ ದಿನ ಉಳಿದ ಒಂದನ್ನೂ ಸೇರಿಸುತ್ತೇನೆ.